ಸಿಕ್ಕಿಬಿದ್ದವರಿಗೆ ಸಾಕ್ಷಿಯುಂಟು, ತಪ್ಪಿಸಿಕೊಂಡವರಿಗೆ?

ವಾಡಿ ಜಂಕ್ಷನ್ನಿನಿಂದ ಒಂದು ರೈಲು ಹಳಿ ಶಹಾಬಾದ್, ಕಲಬುರಗಿ ದಾಟಿ ಸೊಲ್ಲಾಪುರದತ್ತ ಹೋಗುತ್ತದೆ. ಇನ್ನೊಂದು ಚಿತ್ತಾಪುರ, ಸೇಡಂ ಮೇಲೆ ಹಾದು ಹೈದರಾಬಾದಿಗೆ. 1947ರಲ್ಲಿ ಈ ಊರುಗಳ ಹುಡುಗನೊಬ್ಬ ನಿಜಾಮನ ವಿರುದ್ಧ ಹೋರಾಡಲು ಮನೆ ಬಿಟ್ಟರೆ, ಯಾವ ಗಾಡಿ ಹತ್ತಬೇಕೆಂಬುದೇ ಮೊದಲ ಪ್ರಶ್ನೆ. ಇಂದು ಸೇಡಂ, ಚಿಂಚೋಳಿಗಳ ಪಕ್ಕದಲ್ಲೇ ತೆಲಂಗಾಣದ ಗಡಿಯಿದೆ. ಆಗ ಅಲ್ಲಿ ಗಡಿಯೇ ಇರಲಿಲ್ಲ. ಸುತ್ತ ಎತ್ತ ನೋಡಿದರೂ ನಿಜಾಮನ ಸೀಮೆ. ಹೊರಗೆ ಹೋಗಬೇಕೆಂದರೆ ಪಶ್ಚಿಮಕ್ಕೆ, ದುಧನಿಯ ಕಡೆಗೆ. ರೈಲೇ ಇಲ್ಲದ ಚಿಂಚೋಳಿಯವರ ಪಾಡು ಇನ್ನೂ ಕಷ್ಟ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ 13 ತಿಂಗಳು ಈ ಭಾಗಕ್ಕೆ ಅದು ಬರಲಿಲ್ಲ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲು ಒಪ್ಪಲಿಲ್ಲ. ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳನ್ನು ನಡುಗಿಸಿದರು. ಗಡಿಯಾಚೆ ದುಧನಿ, ಮುಂಡರಗಿ, ಗಜೇಂದ್ರಗಡಗಳಂಥ ಕಡೆ ಶಿಬಿರಗಳು ಎದ್ದವು. ಶಿಬಿರದ ಹುಡುಗರು ರಾತ್ರಿ ಒಳನುಗ್ಗಿ ಕರೋಡಗಿರಿ ನಾಕಾಗಳ ಮೇಲೆ ದಾಳಿ ಮಾಡುತ್ತಿದ್ದರು. ಸರ್ಕಾರಕ್ಕೆ ಅಬಕಾರಿ ಹಣ ತರುವ ಸೇಂದಿ ಮರಗಳನ್ನು ಕಡಿಯುತ್ತಿದ್ದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಬಂತು, 17ಕ್ಕೆ ಎಲ್ಲ ಮುಗಿಯಿತು.

ಪಠ್ಯಪುಸ್ತಕವೂ ಅಲ್ಲಿಗೇ ಮುಗಿಯುತ್ತದೆ. ಹೋರಾಡಿದವರು ಆಮೇಲೆ ಏನಾದರು?

ಕೆಲವರು ದೊಡ್ಡವರಾದರು. ಜೈಲಿನಿಂದ ಬಂದ ಸ್ವಾಮಿ ರಮಾನಂದ ತೀರ್ಥರು 1952ರಲ್ಲಿ ಕಲಬುರಗಿಯಿಂದ ಲೋಕಸಭೆಗೆ ಹೋದರು. ಅಳವಂಡಿ ಶಿವಮೂರ್ತಿಸ್ವಾಮಿಗಳು ಅದೇ ವರ್ಷ ಕುಷ್ಟಗಿಯಿಂದ ಗೆದ್ದರು. ವಂದೇ ಮಾತರಂ ಚಳವಳಿಯಿಂದಾಗಿ ಕಾಲೇಜಿನಿಂದ ಹೊರಬಿದ್ದು, ಮುಂದೆ ಚಾಂದಾ ಶಿಬಿರದಲ್ಲಿದ್ದ ಪಿ.ವಿ. ನರಸಿಂಹ ರಾವ್ 1991ರಲ್ಲಿ ಪ್ರಧಾನಿಯೇ ಆದರು. ಮಿಕ್ಕವರು ತೊಗರಿ ಹೊಲಕ್ಕೋ ಶಹಾಬಾದಿನ ಕಲ್ಲುಗಣಿಯ ದುಡಿಮೆಗೋ ಮರಳಿರಬೇಕು; ಈ ಸೀಮೆಯಲ್ಲಿ ಬೇರೆ ಏನಿತ್ತು?

ಕೇಂದ್ರ ಸರ್ಕಾರದ ಸ್ವಾತಂತ್ರ್ಯ ಯೋಧರ ಪಿಂಚಣಿ ಬಂದದ್ದು 1972ರ ಆಗಸ್ಟ್ 15ರಂದು. ಮೊದಲು ಅದು ಬಡವರಿಗೆ ಮಾತ್ರ. 1980ರಿಂದ ಆದಾಯದ ಮಿತಿ ಹೋಗಿ ಸಮ್ಮಾನವಾಯಿತು. ನಿಯಮವೇನೋ ನೇರವಾಗಿಯೇ ಇತ್ತು: ಕನಿಷ್ಠ ಆರು ತಿಂಗಳು ಜೈಲು ಕಂಡಿರಬೇಕು, ಹೆಂಗಸರಿಗೆ ಹಾಗೂ ಪರಿಶಿಷ್ಟರಿಗೆ ಮೂರು ತಿಂಗಳು. ಭೂಗತರಾಗಿದ್ದವರಾದರೆ ಘೋಷಿತ ಅಪರಾಧಿ ಎಂಬ ಆದೇಶವೋ ತಲೆಯ ಮೇಲೆ ಬಹುಮಾನವೋ ಬಂಧನದ ವಾರಂಟೋ ಇದ್ದಿರಬೇಕು.

ವಿಚಿತ್ರ ನೋಡಿ. ನೀನು ಹೋರಾಡಿದ್ದಕ್ಕೆ ಸಾಕ್ಷಿ ಕೊಡಬೇಕಾದವನು ನಿನ್ನ ಎದುರಾಳಿ! ಪೊಲೀಸರಿಗೆ ಹೆಸರೇ ತಿಳಿಯದಂತೆ ಅನ್ನ, ಸುದ್ದಿ, ಮದ್ದುಗುಂಡು ಸಾಗಿಸಿದವನು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ್ದಕ್ಕೇ ಕಾಗದವಿಲ್ಲದವನಾದ. ಮುಂದೆ ಗಡಿ ಶಿಬಿರಗಳಿಗೂ ಮಾನ್ಯತೆ ಸಿಕ್ಕಿತು. ಆದರೆ ಶಿಬಿರದ ಮುಖಂಡರ ಪ್ರಮಾಣಪತ್ರ ಬೇಕಲ್ಲ, ಅಷ್ಟರಲ್ಲಿ ಎಷ್ಟು ಮುಖಂಡರು ಬದುಕಿದ್ದರು?

ನ್ಯಾಯಾಲಯಗಳು ಸ್ವಲ್ಪ ಮೃದುವಾದವು. ಹೈದರಾಬಾದಿನ ಆರ್ಯ ಸಮಾಜ ಚಳವಳಿಗಾರರ ಮೊಕದ್ದಮೆಯಲ್ಲಿ, ಅರ್ಜಿ ತಡವಾಯಿತೆಂದು ಪಿಂಚಣಿ ನಿರಾಕರಿಸಕೂಡದು ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತು. ಕ್ರಿಮಿನಲ್ ಕೇಸಿನಂಥ ಕಟ್ಟುನಿಟ್ಟಿನ ಪುರಾವೆ ಕೇಳಬಾರದೆಂದು 2001ರಲ್ಲಿ ಇನ್ನೊಂದು ತೀರ್ಪು ಬಂತು. ಬಾಗಿಲು ಸಡಿಲವಾದರೆ ಕಳ್ಳರೂ ನುಸುಳುತ್ತಾರೆ: ನಿಜಾಮನ ಸೀಮೆಗೇ ಸೇರಿದ್ದ ಬೀಡ ಜಿಲ್ಲೆಯ ನಕಲಿ ಹೋರಾಟಗಾರರ ಪ್ರಕರಣ 2005ರಲ್ಲಿ ಅದೇ ಕೋರ್ಟಿನ ಮುಂದಿತ್ತು. ಹೀಗಾಗಿ ಅಧಿಕಾರಿಗಳ ಅನುಮಾನವನ್ನೂ ಪೂರ್ತಿ ಬೈಯುವಂತಿಲ್ಲ.

ಸೋತ ಪಕ್ಷದ ಮಾತೂ ಇದೆ. ರಜ್ವಿ 1957ರವರೆಗೆ ಜೈಲಿನಲ್ಲಿದ್ದು ಪಾಕಿಸ್ತಾನಕ್ಕೆ ಹೋದ. ಹೋಗಲು ಜಾಗವಿಲ್ಲದ ಸಾಮಾನ್ಯ ಮುಸ್ಲಿಮರು ಮಾಡದ ತಪ್ಪಿಗೆ ಬೆಲೆ ತೆತ್ತರು. ನೆಹರೂ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಕಾರ್ಯಾಚರಣೆಯ ಕಾಲದಲ್ಲೂ ನಂತರವೂ ಸತ್ತವರು 27ರಿಂದ 40 ಸಾವಿರ ಎಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ಆ ವರದಿ ದಶಕಗಳ ಕಾಲ ಮುಚ್ಚಿಯೇ ಇತ್ತು.

ಅಜ್ಜನ ಟ್ರಂಕಿನಲ್ಲಿ ಹಳೇ ಕಾಗದಗಳಿದ್ದರೆ ವಿದ್ಯಾರ್ಥಿಗಳು ಎಸೆಯುವ ಮೊದಲು ನೋಡಲಿ. ನಿಜಾಮನ ಕಚೇರಿ, ಕೋರ್ಟು, ಜೈಲು ನಡೆದದ್ದು ಉರ್ದುವಿನಲ್ಲಿ. ನಿಮಗೆ ಓದಲು ಬಾರದಿದ್ದರೆ ಓಣಿಯ ಮೌಲ್ವಿ ಸಾಹೇಬರಿಗೆ ಕೊಡಿ, ಓದಿ ಹೇಳಿಯಾರು.