ಅಳಿಲಿಗೇ ಅಳಿಲು ಸೇವೆ

ನಾನು ಮೊದಲು ಸಾಕಿದ ಅಳಿಲುಮರಿ ನನ್ನ ಅಕ್ಕರೆಯಿಂದಲೇ ಸತ್ತಿತು. ಆಗ ನಾನು ಐದನೇ ಕ್ಲಾಸು. ಸೋಮನಾಥಪುರದ ನಮ್ಮ ಹಿತ್ತಿಲ ತೆಂಗಿನಮರದಿಂದ ಬಿದ್ದಿತ್ತು, ಇನ್ನೂ ಕಣ್ಣೇ ಬಿಟ್ಟಿರಲಿಲ್ಲ. ಅವ್ವ ಆಗಷ್ಟೇ ಕರೆದಿದ್ದ ಹಸುವಿನ ಹಾಲನ್ನು ಹತ್ತಿಯಲ್ಲಿ ಅದ್ದಿ, ಮರಿಯನ್ನು ಅಂಗೈಯಲ್ಲಿ ಅಂಗಾತ ಮಲಗಿಸಿ ಬಾಯಿಗೆ ಹಿಂಡಿದೆ. ಮೂಗಿನಿಂದ ಹಾಲು ಬಂತು. ಮೂರನೇ ದಿನ ದಾಸವಾಳದ ಬುಡದಲ್ಲಿ ಹೂತೆವು.

ಮಾಡಿದ ತಪ್ಪೇನೆಂದು ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು. ಕೆಲಸಕ್ಕೆಂದು ಬೆಂಗಳೂರು ಸೇರಿದ ಮೇಲೆ, ಕೆಂಗೇರಿ ಬಳಿ 1996ರಿಂದ ಇರುವ ಪೀಪಲ್ ಫಾರ್ ಆ್ಯನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಗೆ ಭಾನುವಾರಗಳಲ್ಲಿ ಸ್ವಯಂಸೇವಕಿಯಾಗಿ ಹೋಗತೊಡಗಿದೆ. ಬೀದಿನಾಯಿ, ಹಸು ಅಲ್ಲ. ಊರೊಳಗೇ ಬದುಕುವ ಕಾಡುಜೀವಿಗಳು ಅಲ್ಲಿಯ ರೋಗಿಗಳು. ಗೂಬೆ, ಗಿಣಿ, ಹಾವು, ಕೋತಿ, ಹದ್ದು, ಬುಟ್ಟಿಗಟ್ಟಲೆ ಅಳಿಲುಮರಿ.

ಅಳಿಲುಮರಿಗೆ ಹಾಲು ಕುಡಿಸುವುದೂ ಒಂದು ವಿದ್ಯೆ. ಮರಿ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಬೇಕು. ತಣ್ಣನೆಯ ಹೊಟ್ಟೆಗೆ ಹಾಲು ಜೀರ್ಣವಾಗದು. ಹಸುವಿನ ಹಾಲು ಕೊಟ್ಟರೆ ಭೇದಿಯಾಗುತ್ತದೆ, ಅದಕ್ಕೆಂದೇ ಬೇರೆ ಹಾಲಿನಪುಡಿ ಇದೆ. ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗಾಗಿ ಹಿಡಿದು, ಒಂದು ಎಂ.ಎಲ್. ಸಿರಿಂಜಿನಿಂದ ತೊಟ್ಟು ತೊಟ್ಟಾಗಿ ಕೊಡಬೇಕು. ಕುಡಿದಾದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಸವರಬೇಕು. ತಾಯಿ ನೆಕ್ಕದೆ ಮರಿ ಮೂತ್ರ ಮಾಡದು. ಎರಡು ಮೂರು ಗಂಟೆ ಕಳೆದರೆ ಮತ್ತೆ ಮೊದಲಿನಿಂದ. ಸಣ್ಣ ಸಹಾಯಕ್ಕೆ ನಾವು ‘ಅಳಿಲು ಸೇವೆ’ ಅನ್ನುತ್ತೇವಲ್ಲ, ಅಳಿಲಿನ ಸೇವೆ ಅಷ್ಟು ಸಣ್ಣದಲ್ಲ.

ಉಳಿದ ಹೊತ್ತಿನ ಕೆಲಸದಲ್ಲಿ ಫೋಟೊಕ್ಕೆ ಒದಗುವಂಥದ್ದು ಏನೂ ಇಲ್ಲ. ಪರಂಗಿಹಣ್ಣು ಹೆಚ್ಚು, ಪಂಜರದ ಹಳೇ ಪೇಪರು ತೆಗೆದು ಹೊಸದು ಹಾಸು, ಟವೆಲ್ ಒಗೆ, ತೂಕ ಬರೆದಿಡು. ಆಷಾಢದ ಗಾಳಿ ಬೀಸಿ ಹುಡುಗರು ಗಾಳಿಪಟ ಹಾರಿಸಲು ಶುರುಮಾಡಿದರೆ ಹದ್ದುಗಳ ಸಾಲು. ಗಾಜಿನಪುಡಿ ಸವರಿದ ದಾರ, ನೈಲಾನ್ ಮಾಂಜಾ ರೆಕ್ಕೆಯ ಚರ್ಮ ಸೀಳಿ ಕೆಲವೊಮ್ಮೆ ಮೂಳೆಯವರೆಗೂ ಹೋಗಿರುತ್ತದೆ. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಂಥ ಮಾಂಜಾವನ್ನು ದೇಶಾದ್ಯಂತ ನಿಷೇಧಿಸಿದೆ. ಮರದ ಕೊಂಬೆಗಳಲ್ಲಿ ಅದು ಇವತ್ತಿಗೂ ತೂಗಾಡುತ್ತಿದೆ.

ಹದ್ದಿನ ಪಂಜರಕ್ಕೆ ಬಟ್ಟೆ ಮುಚ್ಚಿರುತ್ತಾರೆ. ಕತ್ತಲಲ್ಲಿ ಅದರ ದಿಗಿಲು ಇಳಿಯುತ್ತದೆ. ಹೆಸರಿಟ್ಟು ಕರೆಯಬಾರದು, ಮಾತಾಡಿಸಬಾರದು, ತಲೆ ಸವರಬಾರದು. ಮೊದಮೊದಲು ಇದು ಕಲ್ಲುಮನಸ್ಸು ಅನ್ನಿಸಿತ್ತು. ಆಮೇಲೆ ತಿಳಿಯಿತು, ಮನುಷ್ಯರ ಭಯ ಹೋದ ಕಾಡುಜೀವಿ ಕಾಡಿಗೂ ಸಲ್ಲದು, ಊರಿಗೂ ಸಲ್ಲದು. ಅದು ನಮ್ಮನ್ನು ಕಂಡು ಹೆದರಿ ದೂರ ಸರಿದರೆ ಶುಶ್ರೂಷೆ ಸರಿಯಾಗಿದೆ ಎಂದೇ ಅರ್ಥ.

ಈ ಪಾಠ ಊರಲ್ಲೂ ಕೆಲಸಕ್ಕೆ ಬಂತು. 1258ರ ಕೇಶವ ದೇವಾಲಯ ನೋಡಲು ಸೋಮನಾಥಪುರಕ್ಕೆ ಬಂದವರು ದಾರಿಯ ಎರಡೂ ಕಡೆ ಕಬ್ಬು, ಭತ್ತದ ಗದ್ದೆ ಕಂಡಿರುತ್ತಾರೆ. ಕಬ್ಬು ಹೆಚ್ಚುಕಡಿಮೆ ಒಂದು ವರ್ಷ ಗದ್ದೆಯಲ್ಲಿ ನಿಲ್ಲುವ ಬೆಳೆ. ನೆರಳು, ಪಕ್ಕದಲ್ಲೇ ನಾಲೆಯ ನೀರು, ತಿನ್ನಲು ಹಂದಿ, ನಾಯಿ. ಚಿರತೆ ಮರಿ ಹಾಕಲು ಇದಕ್ಕಿಂತ ಇನ್ನೇನು ಬೇಕು? 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ನಮ್ಮ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಚಿರತೆ ಹಿಡಿಯಲು ವಿಶೇಷ ಕಾರ್ಯಪಡೆಯೇ ಬಂತು. ಸಂಜೆಯಾದರೆ ಹೊರಗೆ ಕಾಲಿಡಲು ಜನ ಅಂಜುತ್ತಿದ್ದ ಕಾಲ ಅದು.

ಆ ಭಯ ಇನ್ನೂ ಆರಿರಲಿಲ್ಲ, ಒಂದು ಮಧ್ಯಾಹ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ.

“ಅಕ್ಕಾ, ಕಬ್ಬು ಕಡೀತಿದ್ದೋರ್ಗೆ ಚಿರತೆ ಮರಿ ಸಿಕ್ಕವೆ ಕಣಕ್ಕ, ಮೂರು. ಚೀಲಕ್ಕೆ ಹಾಕಿವ್ನಿ. ಮನೆಗೆ ತತ್ತೀನಿ, ಹಾಲಾದ್ರೂ ಕುಡ್ಸಣ.”

“ಹಾಲು ಬ್ಯಾಡ. ಫೋಟೊ ಕಳ್ಸು.”

ಚಿರತೆ ಮರಿಗೆ ಮೈತುಂಬ ಒತ್ತೊತ್ತಾಗಿ ಚುಕ್ಕೆ. ಫೋಟೊದಲ್ಲಿದ್ದವು ಮಣ್ಣುಬಣ್ಣದ ಮೈಮೇಲೆ ಮಾಸಿದ ಗೆರೆಯಿದ್ದ ಕಾಡುಬೆಕ್ಕಿನ ಮರಿಗಳು. ಚಿರತೆಯೇ ಆಗಿದ್ದರೂ ನಾನು ಹೇಳುತ್ತಿದ್ದದ್ದು ಒಂದೇ: ಸಿಕ್ಕಿದ ಜಾಗದಲ್ಲೇ ಇಡು, ಅರಣ್ಯ ಇಲಾಖೆಗೆ ತಿಳಿಸು, ಕಡಿಯೋದು ಇವತ್ತಿಗೆ ನಿಲ್ಲಿಸಿ ಎಲ್ಲರೂ ಆಚೆ ಬನ್ನಿ.

“ಅವ್ರವ್ವ ಬಂದ್ರೆ?”

“ಬರ್ಲಿ ಅಂತ್ಲೇ ಅಲ್ವೇನ್ಲಾ ಇಡಾದು!”

ಅರಣ್ಯ ಸಿಬ್ಬಂದಿ ಬಂದರು. ಮರಿಗಳನ್ನು ಮಂಕರಿಯಲ್ಲಿ ತರಗಿನ ಮೇಲೆ ಮಲಗಿಸಿ ಅದೇ ಗದ್ದೆಯ ಬದುವಿನಲ್ಲಿಟ್ಟರು. ಬೆಳಿಗ್ಗೆ ನೋಡಿದರೆ ಮಂಕರಿ ಖಾಲಿ. ಚಿರತೆ ಮರಿಗಳಿಗೂ ಇದೇ ಕ್ರಮ. ಹತ್ತಿರ ಕ್ಯಾಮೆರಾ ಕಟ್ಟಿ ದೂರ ನಿಲ್ಲುತ್ತಾರೆ. ಕತ್ತಲಾದ ಮೇಲೆ ತಾಯಿ ಬಂದು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ತಾಯಿಯಿಂದ ಅಗಲಿ ಮನುಷ್ಯರ ಕೈಯಲ್ಲಿ ಬೆಳೆದ ಚಿರತೆಗೆ ಬೇಟೆ ಗೊತ್ತಿರುವುದಿಲ್ಲ. ಅಂಥದ್ದಕ್ಕೆ ಉಳಿಯುವುದು ಮೈಸೂರು ಮೃಗಾಲಯದ ಕೂರ್ಗಳ್ಳಿ ಪುನರ್ವಸತಿ ಕೇಂದ್ರದಂಥ ಕಡೆ, ಸಾಯುವವರೆಗೂ ಬೇಲಿಯೊಳಗಿನ ಬಾಳು.

ನೆಲದ ಮೇಲೆ ಕುಪ್ಪಳಿಸುವ ಹಕ್ಕಿಮರಿಯ ವಿಷಯವೂ ಹೀಗೆಯೇ. ಹಾರಲು ಕಲಿಯುತ್ತಿರುತ್ತದೆ, ತಂದೆತಾಯಿ ಹತ್ತಿರದಲ್ಲೇ ಇರುತ್ತವೆ. ಮನೆಗೆ ತಂದು ಸಾಕುತ್ತೇನೆಂದರೆ 1972ರ ವನ್ಯಜೀವಿ ಕಾಯ್ದೆ ಒಪ್ಪದು. ಪಂಜರದಲ್ಲಿ ಗಿಣಿ ಇಟ್ಟುಕೊಳ್ಳುವುದೂ ಅಪರಾಧ. ನಿಜಕ್ಕೂ ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಡಬ್ಬದಲ್ಲಿಟ್ಟು ಕತ್ತಲು ಮಾಡಿ. ಅನ್ನ, ನೀರು ಏನೂ ಹಾಕದೆ ಗೊತ್ತಿದ್ದವರ ಕೈಗೆ ಮುಟ್ಟಿಸಿ.

ಸ್ವಯಂಸೇವೆಗೆ ಬರುತ್ತೇನೆ ಅನ್ನುವವರಿಗೆ ನನ್ನ ಮಾತಿಷ್ಟೆ: ರೇಬಿಸ್ ಚುಚ್ಚುಮದ್ದು ಹಾಕಿಸಿಕೊಂಡು ಬನ್ನಿ, ಸೆಲ್ಫಿಯ ಆಸೆ ಮನೆಯಲ್ಲೇ ಬಿಟ್ಟು ಬನ್ನಿ. ಬರಲಾಗದಿದ್ದರೂ ಚಿಂತೆಯಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926. ನಿಮ್ಮ ಗದ್ದೆಗೆ ಕಟಾವಿನವರು ಬರುವ ಮುಂಚೆ ಆ ನಂಬರು ಫೋನಿನಲ್ಲಿರಲಿ.