ಆಳೆತ್ತರದ ಸೂರ್ಯಕಾಂತಿ

ಕಾಂಪೌಂಡ್ ಗೋಡೆ ಬೋಳಾಗಿ ಕಾಣ್ತಿದೆಯಾ? ಬಳ್ಳಿ ಹಬ್ಬಲಿ ಅಂತ ವರ್ಷಗಟ್ಟಲೆ ಕಾಯಬೇಡಿ, ಸೂರ್ಯಕಾಂತಿ ಹಾಕಿ. ಎತ್ತರದ ತಳಿ ಸುಮಾರು 3 ತಿಂಗಳಲ್ಲಿ ನಿಮ್ಮ ತಲೆ ದಾಟುತ್ತೆ.

ಬೀಜವನ್ನ ನೇರವಾಗಿ ನೆಲಕ್ಕೇ ಊರಿ. ಇದರ ತಾಯಿಬೇರು ಸೀದಾ ಕೆಳಗಿಳಿಯುತ್ತೆ. ಸಸಿ ಕಿತ್ತು ನೆಟ್ಟರೆ ಬೇರಿಗೆ ಪೆಟ್ಟಾಗಿ ಗಿಡ ಸೊರಗುತ್ತೆ. ಬೆರಳಿನ ಒಂದು ಗೆಣ್ಣಿನಷ್ಟು ಆಳ, ಒಂದೂವರೆ ಅಡಿ ಅಂತರ, ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು. ಕೊಟ್ಟಿಗೆ ಗೊಬ್ಬರ ಸಾಕು. ದಯವಿಟ್ಟು ಯೂರಿಯಾ ಸುರಿಯಬೇಡಿ: ಎಲೆ ಸೊಕ್ಕುತ್ತೆ, ಕಾಂಡ ಮೆತ್ತಗಾಗಿ ಗಾಳಿಗೆ ಮಲಗುತ್ತೆ. ಮೊಣಕಾಲೆತ್ತರ ಬಂದಾಗಲೇ ಕೋಲು ಕೊಟ್ಟು ಸೆಣಬಿನ ದಾರದಲ್ಲಿ ಸಡಿಲವಾಗಿ ಕಟ್ಟಿ.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಎಳೆ ಗಿಡದ ತುದಿ ಹಗಲೆಲ್ಲ ಸೂರ್ಯನ ಜೊತೆ ಪೂರ್ವದಿಂದ ಪಶ್ಚಿಮಕ್ಕೆ ತಿರುಗುತ್ತೆ, ರಾತ್ರಿ ಮತ್ತೆ ಪೂರ್ವಕ್ಕೆ ಬರುತ್ತೆ. ಹಗಲು ಕಾಂಡದ ಪೂರ್ವದ ಬದಿ ಹೆಚ್ಚು ಬೆಳೆಯುತ್ತೆ, ರಾತ್ರಿ ಪಶ್ಚಿಮದ ಬದಿ. ಹೂ ಪೂರ್ತಿ ಅರಳಿದ ಮೇಲೆ ಮಾತ್ರ ಪೂರ್ವಕ್ಕೇ ನಿಂತುಬಿಡುತ್ತೆ. ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾದ ಹೂವಿಗೆ ಜೇನ್ನೊಣ ಜಾಸ್ತಿ ಬರುತ್ತೆ.

ಅಂದ್ರೆ ಸಾಲನ್ನ ಮನೆಯ ಪಶ್ಚಿಮಕ್ಕೆ, ನೆರಳು ಬೀಳದಷ್ಟು ದೂರದಲ್ಲಿ ಹಾಕಿದ್ರೆ ಹೂಗಳ ಮುಖ ನಿಮ್ಮ ಕಿಟಕಿ ಕಡೆಗೇ ಇರುತ್ತೆ.

ದಳ ಉದುರಿದ ಕೂಡಲೇ ತೆಳು ಬಟ್ಟೆ ಕಟ್ಟಿ, ಇಲ್ಲಾಂದ್ರೆ ಗಿಳಿಗಳ ಪಾಲು. ಹೂವಿನ ಬೆನ್ನು ಹಳದಿಯಾಯ್ತಾ? ಬೀಜ ಬಲಿತಿದೆ, ಕೊಯ್ಯಿರಿ.