ಒಜುಕ್ವು: ಹೊರಿಸಿದ ತಪ್ಪು, ಮಾಡಿದ ತಪ್ಪು

ಪಶ್ಚಿಮ ಆಫ್ರಿಕಾದ ನೈಜೀರಿಯಾ ಒಡೆದು 1967ರ ಮೇ 30ರಂದು ಬಿಯಾಫ್ರಾ ಎಂಬ ದೇಶ ಹುಟ್ಟಿತು. ಎರಡೂವರೆ ವರ್ಷ ಯುದ್ಧದಲ್ಲೇ ಬದುಕಿ 1970ರ ಜನವರಿಯಲ್ಲಿ ಭೂಪಟದಿಂದ ಅಳಿದುಹೋಯಿತು. ಅಷ್ಟರಲ್ಲಿ ಸತ್ತವರು ಹತ್ತು ಲಕ್ಷಕ್ಕೂ ಹೆಚ್ಚು ಎಂಬುದು ಸಾಮಾನ್ಯ ಅಂದಾಜು. ಅವರಲ್ಲಿ ಬಹುಪಾಲು ಜನ ಗುಂಡಿಗೆ ಸಿಕ್ಕವರಲ್ಲ, ಹಸಿವಿಗೆ ಸಿಕ್ಕವರು. ಆ ದೇಶವನ್ನು ಘೋಷಿಸಿ, ಕೊನೆಯ ವಾರದವರೆಗೂ ಅದರ ಮುಖ್ಯಸ್ಥನಾಗಿದ್ದವನು ಚುಕ್ವುಎಮೆಕಾ ಒಡುಮೆಗ್ವು ಒಜುಕ್ವು. ಘೋಷಣೆಯ ದಿನ ಆತನಿಗೆ ವಯಸ್ಸು 33, ಸೇನೆಯಲ್ಲಿ ದರ್ಜೆ ಲೆಫ್ಟಿನೆಂಟ್ ಕರ್ನಲ್.

ಆತನ ಬಗ್ಗೆ ಎರಡು ಕಥೆಗಳು ಇಂದಿಗೂ ಚಾಲ್ತಿಯಲ್ಲಿವೆ. ಒಂದರಲ್ಲಿ ಆತ ಗದ್ದುಗೆಯ ಆಸೆಗೆ ದೇಶ ಒಡೆದ ದ್ರೋಹಿ. ಇನ್ನೊಂದರಲ್ಲಿ ತನ್ನ ಜನರನ್ನು ಕಾಯಲೆಂದೇ ಬಂದ, ಯಾವ ಕಳಂಕವೂ ಇಲ್ಲದ ನಾಯಕ. ಎರಡರಲ್ಲೂ ಸುಳ್ಳು ಬೆರೆತಿದೆ. ಅವುಗಳಲ್ಲಿ ಒಂದು ಸುಳ್ಳಂತೂ ಸಾವಿರಾರು ಜೀವ ತೆಗೆದಿದೆ. ಅದನ್ನೇ ಮೊದಲು ನೋಡೋಣ.

ನಂಬಿಕೆ: 1966ರ ಜನವರಿ ದಂಗೆ ಇಗ್ಬೊಗಳ ಸಂಚು, ಒಜುಕ್ವು ಅದರಲ್ಲಿ ಪಾಲುದಾರ

1966ರ ಜನವರಿ 15ರ ನಸುಕಿನಲ್ಲಿ ಕೆಲವು ಯುವ ಮೇಜರ್‌ಗಳು ನೈಜೀರಿಯಾದ ಚುನಾಯಿತ ಸರ್ಕಾರವನ್ನು ಕೆಡವಿದರು. ಪ್ರಧಾನಿ ಅಬೂಬಕರ್ ತಫಾವಾ ಬಲೇವಾ, ಉತ್ತರ ಪ್ರಾಂತ್ಯದ ಪ್ರಧಾನಿ ಅಹ್ಮದು ಬೆಲ್ಲೊ, ಪಶ್ಚಿಮ ಪ್ರಾಂತ್ಯದ ಪ್ರಧಾನಿ ಸ್ಯಾಮ್ಯುಯೆಲ್ ಅಕಿಂಟೊಲಾ ಕೊಲೆಯಾದರು. ಉತ್ತರದ ಹಿರಿಯ ಸೇನಾಧಿಕಾರಿಗಳೂ ಸತ್ತರು. ಸಂಚುಕೋರ ಮೇಜರ್‌ಗಳಲ್ಲಿ ಹೆಚ್ಚಿನವರು ಪೂರ್ವದ ಇಗ್ಬೊ ಸಮುದಾಯದವರು. ಇಗ್ಬೊಗಳೇ ಆಗಿದ್ದ ಇನ್ನಿಬ್ಬರು ಪ್ರಾಂತೀಯ ಪ್ರಧಾನಿಗಳು ಮಾತ್ರ ಬದುಕಿ ಉಳಿದರು. ಉತ್ತರದ ಜನರಲ್ಲಿ ಅನುಮಾನ ಹುಟ್ಟಿದ್ದು ಸುಮ್ಮನೆ ಅಲ್ಲ. ಈ ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡೇ ಮುಂದೆ ಹೋಗಬೇಕು.

ಆದರೆ ಅನುಮಾನವೇ ಪುರಾವೆಯಾಗುವುದಿಲ್ಲ. ಸಂಚುಕೋರರ ಗುಂಪಿನಲ್ಲಿ ಯೊರುಬಾ ಸಮುದಾಯದ ಮೇಜರ್ ಅಡೆವಾಲೆ ಅಡೆಮೊಯೆಗಾ ಇದ್ದ. ಕೊಲೆಯಾದವರಲ್ಲಿ ಇಗ್ಬೊ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ಆರ್ಥರ್ ಉನೆಗ್ಬೆ ಇದ್ದ. ದಂಗೆಯನ್ನು ಅಡಗಿಸಿ ಮೇಜರ್‌ಗಳನ್ನು ಸೆರೆಗೆ ತಳ್ಳಿದ ಸೇನಾ ಮುಖ್ಯಸ್ಥ ಜಾನ್ಸನ್ ಅಗುಯಿ-ಇರೊನ್ಸಿ ಕೂಡ ಇಗ್ಬೊನೇ.

ಒಜುಕ್ವು ಆಗ ಉತ್ತರದ ಕಾನೊ ನಗರದಲ್ಲಿ ಐದನೇ ಬೆಟಾಲಿಯನ್ನಿನ ದಂಡನಾಯಕ. ದಂಗೆಕೋರರ ನೇತಾರ ಮೇಜರ್ ಎನ್ಜಿಯೊಗ್ವು ಅದೇ ಉತ್ತರದ ಕಡುನಾದಲ್ಲಿ ಕುಳಿತು ಬೆಂಬಲಕ್ಕಾಗಿ ಕಾಯುತ್ತಿದ್ದ. ಕಾನೊದ ತುಕಡಿ ಆತನ ಜೊತೆ ಸೇರಿದ್ದರೆ ಇಡೀ ಉತ್ತರ ಆತನ ಕೈಗೆ ಬೀಳುವ ಸಾಧ್ಯತೆ ಇತ್ತು. ಒಜುಕ್ವು ಸೇರಲಿಲ್ಲ. ತನ್ನ ಸೈನಿಕರನ್ನು ಹಿಡಿತದಲ್ಲಿಟ್ಟುಕೊಂಡು, ಕಾನೊದ ಎಮಿರ್ ಅಡೊ ಬಯೆರೊನೊಂದಿಗೆ ನಿಂತು ನಗರವನ್ನು ಶಾಂತವಾಗಿರಿಸಿದ. ದೇಶದ ಅಧಿಕಾರ ವಹಿಸಿಕೊಂಡ ಇರೊನ್ಸಿ ಆತನನ್ನು ಪೂರ್ವ ಪ್ರಾಂತ್ಯದ ಸೇನಾ ರಾಜ್ಯಪಾಲನನ್ನಾಗಿ ನೇಮಿಸಿದ್ದು ಇದಾದ ಮೇಲೆ. ಇನ್ನೂ ಒಂದು ಸಂಗತಿ ಇದೆ. ಜನವರಿ ದಂಗೆಯ ಪ್ರಮುಖರಲ್ಲೊಬ್ಬ ಎಮ್ಯಾನ್ಯುಯೆಲ್ ಇಫೆಯಾಜುನಾ. 1954ರ ವ್ಯಾಂಕೂವರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದು ಆಫ್ರಿಕಾದ ಹೆಮ್ಮೆಯಾಗಿದ್ದವನು. ಆತನನ್ನು 1967ರ ಸೆಪ್ಟೆಂಬರ್‌ನಲ್ಲಿ ರಾಜದ್ರೋಹದ ಆರೋಪದ ಮೇಲೆ ಗುಂಡಿಕ್ಕಿ ಕೊಲ್ಲಿಸಿದ್ದು ಒಜುಕ್ವುವಿನ ಸರ್ಕಾರವೇ.

ಈ ನಂಬಿಕೆಯ ಬೆಲೆ ಎಷ್ಟೆಂದು 1966ರ ಮಿಕ್ಕ ತಿಂಗಳುಗಳು ತೋರಿಸಿದವು. ಮೇ ಕೊನೆಯಲ್ಲಿ ಉತ್ತರದ ನಗರಗಳಲ್ಲಿ ಇಗ್ಬೊಗಳ ಮೇಲೆ ದಾಳಿ ನಡೆಯಿತು. ಜುಲೈ 29ರಂದು ಉತ್ತರದ ಸೈನಿಕರು ಪ್ರತಿದಂಗೆ ಎದ್ದು ಇರೊನ್ಸಿಯನ್ನು ಕೊಂದರು, ಪೂರ್ವದ ನೂರಾರು ಸೈನಿಕರನ್ನೂ ಕೊಂದರು. ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳಲ್ಲಿ ನಡೆದದ್ದು ಸಾಮೂಹಿಕ ಕಗ್ಗೊಲೆ. ರೈಲ್ವೆ ಕಾರಕೂನರು, ಅಂಗಡಿಕಾರರು, ಶಿಕ್ಷಕರು, ಅವರ ಹೆಂಡಿರು ಮಕ್ಕಳು ಸಾವಿರಗಟ್ಟಲೆ ಸತ್ತರು. ಅವರಲ್ಲಿ ಒಬ್ಬರಿಗೂ ಜನವರಿಯ ಆ ರಾತ್ರಿಯೊಂದಿಗೆ ಸಂಬಂಧವಿರಲಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಜನ ರೈಲು, ಲಾರಿ ಹತ್ತಿ ಪೂರ್ವಕ್ಕೆ ಓಡಿಬಂದರು.

ಇಲ್ಲೊಂದು ಸಂಗತಿ ಒಜುಕ್ವುವಿನ ವಿರೋಧಿಗಳಿಗೂ ಅಭಿಮಾನಿಗಳಿಗೂ ಸಲೀಸಾಗಿ ಮರೆತುಹೋಗುತ್ತದೆ. ಮೇ ಹಿಂಸಾಚಾರದ ನಂತರ ಊರಿಗೆ ಮರಳಿದ್ದ ಇಗ್ಬೊಗಳಿಗೆ ಉತ್ತರಕ್ಕೆ ವಾಪಸು ಹೋಗಿ, ನಿಮ್ಮ ಕೆಲಸ ನೋಡಿಕೊಳ್ಳಿ ಎಂದು ಧೈರ್ಯ ಹೇಳಿದವನು ರಾಜ್ಯಪಾಲ ಒಜುಕ್ವು. ಕಾನೊದ ಎಮಿರ್‌ನನ್ನು ಪೂರ್ವದ ಎನ್ಸುಕ್ಕಾ ವಿಶ್ವವಿದ್ಯಾಲಯದ ಕುಲಪತಿಯಾಗಿ ನೇಮಿಸಿದ್ದೂ ಆತನೇ. ದೇಶ ಒಡೆಯಲು ಮೊದಲಿನಿಂದಲೂ ಹೊಂಚು ಹಾಕಿದ್ದವನು ಹೀಗೆ ಮಾಡುವುದಿಲ್ಲ. ಆತನ ಮಾತು ನಂಬಿ ಹಿಂದಿರುಗಿದವರಲ್ಲಿ ಹಲವರು ಸೆಪ್ಟೆಂಬರ್‌ನಲ್ಲಿ ಸತ್ತರು. ಆಮೇಲೆ ಒಜುಕ್ವು ಯಾರ ಭರವಸೆಯನ್ನೂ ನಂಬದ ಮನುಷ್ಯನಾದ. ಮುಂದಿನ ಹಟಮಾರಿತನದ ಬೇರನ್ನು ನಾನು ಇಲ್ಲಿ ಕಾಣುತ್ತೇನೆ. ಪೂರ್ವದಲ್ಲೂ ಉತ್ತರದವರ ಮೇಲೆ ಸೇಡಿನ ಕೊಲೆಗಳಾದವು. ನಿಮ್ಮ ಜೀವಕ್ಕೆ ಹೊಣೆ ಹೊರಲಾರೆ ಎಂದು ಹೇಳಿ ಹೊರಗಿನವರೆಲ್ಲ ಪ್ರಾಂತ್ಯ ಬಿಡಬೇಕೆಂದು ಆತ ಆದೇಶಿಸಿದ.

ನಂಬಿಕೆ: ಶ್ರೀಮಂತನ ಮಗ, ಅಪ್ಪನ ಪ್ರಭಾವದಿಂದ ಅಧಿಕಾರಿಯಾದ

ತಂದೆ ಸರ್ ಲೂಯಿ ಒಡುಮೆಗ್ವು ಒಜುಕ್ವು ಸಾರಿಗೆ ಉದ್ಯಮದಲ್ಲಿ ಬೆಳೆದು ನೈಜೀರಿಯಾದ ಅತಿ ಶ್ರೀಮಂತರಲ್ಲಿ ಒಬ್ಬನಾಗಿದ್ದುದು ನಿಜ. ಮಗ ಓದಿದ್ದು ಇಂಗ್ಲೆಂಡಿನ ಎಪ್ಸಂ ಕಾಲೇಜಿನಲ್ಲಿ, ನಂತರ ಆಕ್ಸ್‌ಫರ್ಡ್‌ನ ಲಿಂಕನ್ ಕಾಲೇಜಿನಲ್ಲಿ. ವಿಷಯ ಇತಿಹಾಸ. ಆದರೆ ಸೇನೆ ಸೇರುವುದು ತಂದೆಗೆ ಒಪ್ಪಿಗೆಯಿರಲಿಲ್ಲ. ಆಡಳಿತಾಧಿಕಾರಿಯ ಹುದ್ದೆ ಬಿಟ್ಟು 1957ರಲ್ಲಿ ಒಜುಕ್ವು ಸೇನೆಗೆ ಬಂದದ್ದು ಸಾಮಾನ್ಯ ಸಿಪಾಯಿಯಾಗಿ. ಅಧಿಕಾರಿ ತರಬೇತಿ ಸಿಕ್ಕಿದ್ದು ಆಮೇಲೆ. ನೈಜೀರಿಯಾ ಸೇನೆಯಲ್ಲಿ ಅಧಿಕಾರಿಯಾದ ಮೊದಮೊದಲ ಪದವೀಧರರಲ್ಲಿ ಆತನೂ ಒಬ್ಬ.

ನಂಬಿಕೆ: ಗದ್ದುಗೆಗಾಗಿ, ತೈಲಕ್ಕಾಗಿ ದೇಶ ಒಡೆದ

ಪ್ರತಿದಂಗೆಯ ನಂತರ ಯಕುಬು ಗೋವೊನ್ ದೇಶದ ಚುಕ್ಕಾಣಿ ಹಿಡಿದ. ಆತನೂ ಲೆಫ್ಟಿನೆಂಟ್ ಕರ್ನಲ್, ಒಜುಕ್ವುಗಿಂತ ಒಂದು ವರ್ಷ ಚಿಕ್ಕವನು. ಇರೊನ್ಸಿಯ ನಂತರ ಹಿರಿತನದಲ್ಲಿ ಇದ್ದವನು ಬ್ರಿಗೇಡಿಯರ್ ಬಾಬಾಫೆಮಿ ಒಗುಂಡಿಪೆ, ಅಧಿಕಾರ ಅವನಿಗೆ ಸೇರಬೇಕು ಎಂಬುದು ಒಜುಕ್ವುವಿನ ವಾದ. ಒಗುಂಡಿಪೆ ಯೊರುಬಾ, ಇಗ್ಬೊ ಅಲ್ಲ. ಒಜುಕ್ವು ಕೇಳಿದ್ದು ತನಗಾಗಿ ಅಲ್ಲ ಎಂಬುದನ್ನು ಗಮನಿಸಬೇಕು.

1967ರ ಜನವರಿ 4 ಮತ್ತು 5ರಂದು ಘಾನಾದ ಅಬುರಿಯಲ್ಲಿ ಎಲ್ಲ ಸೇನಾ ನಾಯಕರು ಒಂದೇ ಮೇಜಿನ ಸುತ್ತ ಕುಳಿತರು. ಬಲಪ್ರಯೋಗ ಬೇಡ, ಕೇಂದ್ರದ ಹಿಡಿತ ಸಡಿಲವಾಗಲಿ, ಮುಖ್ಯ ತೀರ್ಮಾನಗಳಿಗೆ ಎಲ್ಲ ಪ್ರಾಂತ್ಯಗಳ ಒಪ್ಪಿಗೆ ಬೇಕು ಎಂದು ಅಲ್ಲಿ ಮಾತಾಯಿತು. ಒಜುಕ್ವು ಕಾಗದಪತ್ರಗಳೊಂದಿಗೆ ಸಿದ್ಧನಾಗಿ ಹೋಗಿದ್ದ, ಗೋವೊನ್‌ಗೆ ಆ ಸಿದ್ಧತೆ ಇರಲಿಲ್ಲ. ಆಗಿನ ರಾಜಧಾನಿ ಲೇಗೋಸ್‌ಗೆ ಮರಳಿದ ಮೇಲೆ ಹಿರಿಯ ಅಧಿಕಾರಿಗಳು ಒಪ್ಪಂದದ ಪರಿಣಾಮಗಳನ್ನು ಬಿಡಿಸಿ ಹೇಳಿದರು, ಕೇಂದ್ರ ಹಿಂದೇಟು ಹಾಕಿತು. ಮಾರ್ಚ್‌ನಲ್ಲಿ ಹೊರಬಂದ ಎಂಟನೇ ಡಿಕ್ರಿ ಒಪ್ಪಂದದ ಬಹುಭಾಗವನ್ನು ಕೊಟ್ಟಿತಾದರೂ, ಪ್ರಾಂತ್ಯವೊಂದರ ಮೇಲೆ ತುರ್ತುಸ್ಥಿತಿ ಹೇರುವ ಅಧಿಕಾರವನ್ನು ಕೇಂದ್ರಕ್ಕೆ ಉಳಿಸಿತ್ತು. ಒಜುಕ್ವು ಅದನ್ನು ಸಾರಾಸಗಟಾಗಿ ತಳ್ಳಿಹಾಕಿದ. ಅಷ್ಟನ್ನು ಪಡೆದು ಉಳಿದದ್ದಕ್ಕೆ ಚೌಕಾಸಿ ಮಾಡಬಹುದಿತ್ತು ಎಂದು ನನಗೆ ಅನ್ನಿಸುತ್ತದೆ. ಮಾತು ಮುರಿದದ್ದು ಲೇಗೋಸ್, ಬಾಗಿಲು ಮುಚ್ಚಿದ್ದು ಒಜುಕ್ವು.

ಮೇ 27ರಂದು ಗೋವೊನ್ ದೇಶವನ್ನು 12 ರಾಜ್ಯಗಳಾಗಿ ವಿಂಗಡಿಸಿದ. ಪೂರ್ವ ಪ್ರಾಂತ್ಯ ಮೂರು ಹೋಳಾಯಿತು, ಇಗ್ಬೊಗಳ ಪಾಲಿಗೆ ಕಡಲತೀರವೂ ಉಳಿಯಲಿಲ್ಲ, ತೈಲದ ಹೆಚ್ಚಿನ ಬಾವಿಗಳೂ ಉಳಿಯಲಿಲ್ಲ. ಮೂರನೇ ದಿನ ಬಿಯಾಫ್ರಾ ಘೋಷಣೆಯಾಯಿತು. ತೈಲದ ಲೆಕ್ಕಾಚಾರ ಎರಡೂ ಕಡೆ ಇತ್ತು. ಆದರೆ ಕಗ್ಗೊಲೆಗಳು ನಡೆಯದೆ ಇದ್ದಿದ್ದರೆ ಪೂರ್ವದ ಜನ ಬರೀ ತೈಲದ ಆಸೆಗೆ ಯುದ್ಧಕ್ಕೆ ಇಳಿಯುತ್ತಿದ್ದರೆಂದು ನಂಬಲು ಆಧಾರವಿಲ್ಲ.

ಆತನನ್ನು ಜನ ಆರಿಸಿದ ಅಧ್ಯಕ್ಷ ಎನ್ನುವುದೂ ಸರಿಯಲ್ಲ. ಪ್ರಾಂತ್ಯದ ಸಲಹಾ ಸಭೆ ಸ್ವಾತಂತ್ರ್ಯ ಘೋಷಿಸುವ ಅಧಿಕಾರವನ್ನು ಆತನಿಗೆ ಕೊಟ್ಟಿತ್ತು. ಚುನಾವಣೆ ಮಾತ್ರ ನಡೆಯಲೇ ಇಲ್ಲ. ಸೇನಾ ರಾಜ್ಯಪಾಲನೇ ರಾಷ್ಟ್ರದ ಮುಖ್ಯಸ್ಥನೂ ಸೇನೆಯ ಮಹಾದಂಡನಾಯಕನೂ ಆದ.

ನಂಬಿಕೆ: ಅದು ಮುಸ್ಲಿಮರು ಕ್ರೈಸ್ತರ ಮೇಲೆ ನಡೆಸಿದ ಯುದ್ಧ

ಬಿಯಾಫ್ರಾದ ಪ್ರಚಾರಕರು ಯುರೋಪಿನಲ್ಲಿ ಹರಡಿದ ಚಿತ್ರ ಇದು. ಗೋವೊನ್ ಕ್ರೈಸ್ತ, ಮಿಷನರಿಯೊಬ್ಬರ ಮಗ, ಉತ್ತರದ ಚಿಕ್ಕ ಸಮುದಾಯವೊಂದಕ್ಕೆ ಸೇರಿದವನು. ಬಿಯಾಫ್ರಾದ ಬಂದರುಗಳನ್ನು ಕಿತ್ತುಕೊಂಡ ಮೂರನೇ ಡಿವಿಷನ್ನಿನ ದಂಡನಾಯಕ ಬೆಂಜಮಿನ್ ಅಡೆಕುನ್ಲೆಯ ನಂತರ ಆ ಜಾಗಕ್ಕೆ ಬಂದ ಒಲುಸೆಗುನ್ ಒಬಸಂಜೊ ಯೊರುಬಾ ಕ್ರೈಸ್ತ. ನೈಜೀರಿಯಾಕ್ಕೆ ಆಯುಧ ಕೊಟ್ಟದ್ದು ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ. ಒಜುಕ್ವುವಿಗೆ ಒಳಗಿಂದೊಳಗೆ ನೆರವಾದದ್ದು ಫ್ರಾನ್ಸ್ ಮತ್ತು ಪೋರ್ಚುಗಲ್. ಬಿಯಾಫ್ರಾವನ್ನು ಮಾನ್ಯ ಮಾಡಿದ ಐದು ದೇಶಗಳಲ್ಲಿ ಮೊದಲನೆಯದು ಜೂಲಿಯಸ್ ನೈರೆರೆಯ ತಾಂಜಾನಿಯಾ. ಧರ್ಮದ ಗೆರೆ ಎಳೆದರೆ ಇವೆಲ್ಲ ಯಾವ ಕಡೆಗೂ ಹೊಂದುವುದಿಲ್ಲ.

ಬಿಯಾಫ್ರಾ ಎಂದರೆ ಇಗ್ಬೊಗಳು ಮಾತ್ರ ಎನ್ನುವುದೂ ಹೀಗೆಯೇ. ಇಬಿಬಿಯೊ, ಎಫಿಕ್, ಇಜಾ, ಒಗೊನಿ ಜನ ಅಲ್ಲಿದ್ದರು. ಸೇನೆಯಲ್ಲಿ ಒಜುಕ್ವುವಿನ ನಂತರದ ಸ್ಥಾನದಲ್ಲಿದ್ದ ಫಿಲಿಪ್ ಎಫಿಯೊಂಗ್ ಇಬಿಬಿಯೊ. ಈ ಸಮುದಾಯಗಳಲ್ಲಿ ಅನೇಕರಿಗೆ ಬಿಯಾಫ್ರಾ ಬೇಕಿರಲಿಲ್ಲ ಎಂಬುದನ್ನೂ ಹೇಳಬೇಕು. ಒಗೊನಿ ಲೇಖಕ ಕೆನ್ ಸಾರೊ-ವಿವಾ ಯುದ್ಧದಲ್ಲಿ ಕೇಂದ್ರದ ಪರ ನಿಂತಿದ್ದ. ಆತ್ಮರಕ್ಷಣೆಯ ಯುದ್ಧ ಎನ್ನುತ್ತಿದ್ದ ಒಜುಕ್ವು 1967ರ ಆಗಸ್ಟ್ 9ರಂದು ನೈಜರ್ ನದಿ ದಾಟಿಸಿ ಮಧ್ಯಪಶ್ಚಿಮ ಪ್ರಾಂತ್ಯಕ್ಕೆ ಸೇನೆ ನುಗ್ಗಿಸಿದಾಗ ಅಂಥವರ ಅಪನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ತಟಸ್ಥವಾಗಿರಲು ಹೆಣಗುತ್ತಿದ್ದ ಪ್ರಾಂತ್ಯ ಅದು. ದಂಡಯಾತ್ರೆ ಲೇಗೋಸ್ ದಾರಿಯ ಒರೆ ಪಟ್ಟಣದಲ್ಲಿ ನಿಂತಿತು. ಅದನ್ನು ಮುನ್ನಡೆಸಿದ್ದ ಯೊರುಬಾ ಅಧಿಕಾರಿ ವಿಕ್ಟರ್ ಬಂಜೊ, ಇಫೆಯಾಜುನಾ ಮತ್ತು ಇನ್ನಿಬ್ಬರನ್ನು ದ್ರೋಹಿಗಳೆಂದು ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಎನುಗುವಿನಲ್ಲಿ ಕೊಲ್ಲಲಾಯಿತು. ಎರಡು ವಾರ ಕಳೆಯುವುದರೊಳಗೆ ರಾಜಧಾನಿ ಎನುಗು ಶತ್ರುವಿನ ಕೈಸೇರಿತು.

ನಂಬಿಕೆ: ಓಡಿಹೋದವನು ಮರಳಿ ಬರಲೇ ಇಲ್ಲ

ಸೋಲು ಖಚಿತವಾದಾಗ, 1970ರ ಜನವರಿಯ ಎರಡನೇ ವಾರದಲ್ಲಿ ಒಜುಕ್ವು ಶಾಂತಿ ಅರಸಿ ಹೋಗುತ್ತಿದ್ದೇನೆಂದು ಹೇಳಿ ಐವರಿ ಕೋಸ್ಟ್‌ಗೆ ಹಾರಿದ. ಶರಣಾಗತಿಯ ಕಹಿ ಎಫಿಯೊಂಗ್ ಪಾಲಿಗೆ ಬಂತು. ಗೆದ್ದವರೂ ಇಲ್ಲ, ಸೋತವರೂ ಇಲ್ಲ ಎಂಬ ಗೋವೊನ್ ಘೋಷಣೆಯನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ. ಸಾಮೂಹಿಕ ಸೇಡು ನಡೆಯಲಿಲ್ಲ. ಆದರೂ ಬ್ಯಾಂಕಿನಲ್ಲಿ ಎಷ್ಟೇ ಹಣವಿದ್ದ ಇಗ್ಬೊಗೂ ಕೈಗೆ ಸಿಕ್ಕಿದ್ದು 20 ಪೌಂಡ್ ಮಾತ್ರ.

ಒಜುಕ್ವುವಿಗೆ ಅಧ್ಯಕ್ಷ ಶೆಹು ಶಗಾರಿ 1982ರಲ್ಲಿ ಕ್ಷಮೆ ನೀಡಿದ. ಮರಳಿ ಬಂದು ಶಗಾರಿಯ ಪಕ್ಷವನ್ನೇ ಸೇರಿ 1983ರಲ್ಲಿ ಸೆನೆಟ್ ಚುನಾವಣೆಗೆ ನಿಂತ, ಸೋತ. ಆ ವರ್ಷದ ಕೊನೆಯ ಸೇನಾ ದಂಗೆಯ ನಂತರ ಜೈಲು ಕಂಡ. 2003 ಮತ್ತು 2007ರಲ್ಲಿ, ತಾನು ಬಿಟ್ಟುಹೋಗಲು ಹೊರಟಿದ್ದ ನೈಜೀರಿಯಾದ ಅಧ್ಯಕ್ಷ ಸ್ಥಾನಕ್ಕೇ ಸ್ಪರ್ಧಿಸಿದ. 2011ರ ನವೆಂಬರ್ 26ರಂದು ಲಂಡನ್ನಿನಲ್ಲಿ ಕಾಯಿಲೆಯಿಂದ ತೀರಿಕೊಂಡ ಆತನನ್ನು ಮರುವರ್ಷ ಸ್ವಂತ ಊರು ಎನ್ನೆವಿಯಲ್ಲಿ ನೈಜೀರಿಯಾ ಸೇನೆಯ ಗೌರವದೊಂದಿಗೆ ಮಣ್ಣು ಮಾಡಲಾಯಿತು.

ನಂಬಿಕೆ: ನಡೆದದ್ದಕ್ಕೆ ಒಜುಕ್ವು ಹೊಣೆಯಲ್ಲ

ಇದು ಒಜುಕ್ವುವಿನದೇ ನಂಬಿಕೆ. ಯುದ್ಧ ಮುಗಿದು ಮೂವತ್ತು ವರ್ಷವಾದಾಗ ಬಿಬಿಸಿ ಕೇಳಿದ ಪ್ರಶ್ನೆಗೂ ಆತ ಹೀಗೆಯೇ ಉತ್ತರಿಸಿದ: ತನ್ನ ಜನರನ್ನು ನರಮೇಧದಿಂದ ಉಳಿಸಿದೆ, ಹೊಣೆ ತನ್ನದಲ್ಲ ಎಂದು.

ಹಸಿವನ್ನು ಆಯುಧವಾಗಿ ಹಿಡಿದದ್ದು ನೈಜೀರಿಯಾ. ಕಡಲನ್ನೂ ನೆಲವನ್ನೂ ಮುಚ್ಚಿ ದಿಗ್ಬಂಧನ ಹಾಕಿದ್ದು, 1969ರ ಜೂನ್‌ನಲ್ಲಿ ರೆಡ್ ಕ್ರಾಸ್ ವಿಮಾನವನ್ನು ಹೊಡೆದುರುಳಿಸಿದ್ದು ಅದರ ಸೇನೆ. ಇದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಕೇಂದ್ರ ಸರ್ಕಾರ ನೆಲದ ಮೇಲಿನ ದಾರಿಯಲ್ಲಿ ಆಹಾರ ಬಿಡುತ್ತೇನೆ ಎಂದಾಗ, ವಿಷ ಬೆರೆಸುತ್ತಾರೆ, ಆ ದಾರಿಯಲ್ಲೇ ಸೈನ್ಯ ನುಗ್ಗುತ್ತದೆ ಎಂದು ಒಜುಕ್ವು ಬೇಡವೆಂದ. ಹೆದ್ದಾರಿಯ ತುಂಡೊಂದನ್ನು ಅಗಲಿಸಿ ಮಾಡಿದ ಉಲಿ ರನ್‌ವೇಯಲ್ಲಿ ಕತ್ತಲಲ್ಲಿ ಇಳಿಯುತ್ತಿದ್ದ ವಿಮಾನಗಳನ್ನೇ ನೆಚ್ಚಿಕೊಂಡ. ಮಕ್ಕಳಿಗೆ ಹಾಲಿನ ಪುಡಿ, ಒಣಮೀನು ಬರುತ್ತಿದ್ದ ಆ ರಾತ್ರಿಗಳಲ್ಲೇ ಮದ್ದುಗುಂಡೂ ಬರುತ್ತಿತ್ತು. ಪರಿಹಾರದ ವಿಮಾನಗಳು ಹಗಲಲ್ಲಿ ಹಾರಿದರೆ ಆಯುಧದ ವಿಮಾನಗಳಿಗೆ ಮರೆ ಇರುವುದಿಲ್ಲ. 1969ರ ಸೆಪ್ಟೆಂಬರ್‌ನಲ್ಲಿ ರೆಡ್ ಕ್ರಾಸ್ ಹಗಲು ಹಾರಾಟಕ್ಕೆ ನೈಜೀರಿಯಾವನ್ನು ಒಪ್ಪಿಸಿತು. ಒಪ್ಪದೆ ಉಳಿದದ್ದು ಬಿಯಾಫ್ರಾ.

ಆತನ ಭಯಕ್ಕೆ 1966ರ ಕಾರಣವಿತ್ತು, ಅದನ್ನು ಅಲ್ಲಗಳೆಯಲಾರೆ. ಆದರೆ 1969ರ ಹೊತ್ತಿಗೆ ಗೆಲುವು ಕೈತಪ್ಪಿದ್ದು ಆತನಿಗೆ ಗೊತ್ತಿತ್ತು, ಮಕ್ಕಳ ಕೈಕಾಲು ಕಡ್ಡಿಯಾಗುತ್ತಿರುವುದೂ ಗೊತ್ತಿತ್ತು. ನೈಜೀರಿಯಾ ಒಪ್ಪಿದ ಹಗಲಿನ ವಿಮಾನವನ್ನು ಬೇಡವೆಂದ ನಿರ್ಧಾರ ಒಜುಕ್ವುವಿನದು, ಅದರ ಹೊಣೆಯೂ ಆತನದೇ.